ಗುಡಿಸಲಿನ ಮುಂದೆ ಎತ್ತಿದ ಕೈ

ಶನಿವಾರ ಮಧ್ಯಾಹ್ನ ಒಂದೂಕಾಲಿಗೆ ಡನ್‌ಸ್ಟನ್ ಗುಡಿಸಲಿನ ಮುಂದೆ ಐದು ಮಂದಿ ಹುಡುಗ ಹುಡುಗಿಯರು ಹಿಮದಲ್ಲಿ ಸುತ್ತುಗಟ್ಟಿ ಕಣ್ಣು ಮುಚ್ಚಿ ನಿಂತರು. ಅವರಲ್ಲಿ ಒಬ್ಬ ಕೈ ಎತ್ತಿದ. ಕಣ್ಣು ತೆರೆದು ನಿಂತಿದ್ದ ಆರನೆಯವಳು, ಪಿಯಾ ಜನೊಟ್ಟೊ, ಅದನ್ನು ನೋಡಿದಳು.

"ಯಾರೂ ಎತ್ತಿಲ್ಲ," ಎಂದಳು. "ಹೊರಡೋಣ."

ಕೈ ಪೂರ್ತಿ ಮೇಲೆ ಹೋಗಿರಲಿಲ್ಲ. ಉತ್ತರ ಸರಿಯೋ ತಪ್ಪೋ ಗೊತ್ತಿಲ್ಲದವನು ತರಗತಿಯಲ್ಲಿ ಎತ್ತುವ ಹಾಗೆ, ಮೊಣಕೈ ಮಡಿಸಿ, ಕಿವಿಯ ಮಟ್ಟಕ್ಕೆ ಎತ್ತಿದ್ದ. ಬೂದು ಬಣ್ಣದ ಕೈಗವಸು. ಡಾರ್ಸಿ ಮಲ್‌ಕ್ವೀನ್‌ನದು.

ಕೀವಾ ಕಣಿವೆಯ ಈ ಸ್ಕೌಟ್ ತಂಡ ಹಿಮದಲ್ಲಿ ರಾತ್ರಿ ಕಳೆಯಲು ಬೋಗಾಂಗ್ ಬಯಲಿಗೆ ಹತ್ತಿದಾಗಲೆಲ್ಲ ಮೂರು ಸಲ ಹೀಗೆ ನಿಲ್ಲುತ್ತದೆ. ಕಾರು ಬಿಟ್ಟ ಜಾಗದಲ್ಲಿ ಒಮ್ಮೆ, ಅರ್ಧ ದಾರಿಯಲ್ಲಿ ಒಮ್ಮೆ, ಡೇರೆ ಬಿಚ್ಚುವ ಮುಂಚೆ ಒಮ್ಮೆ. ವಾಪಸು ಹೋಗಬೇಕು ಅನ್ನಿಸಿದವರು ಕೈ ಎತ್ತಬೇಕು. ಒಂದು ಕೈ ಎದ್ದರೆ ಸಾಕು, ಎಲ್ಲರೂ ಹಿಂದಿರುಗಬೇಕು. ಯಾರದು ಎಂದು ಕೇಳುವಂತಿಲ್ಲ, ನನ್ನದು ಎಂದು ಹೇಳುವಂತೆಯೂ ಇಲ್ಲ. ಆ ಸಲದ ನಾಯಕ ಅಥವಾ ನಾಯಕಿಯ ಕಣ್ಣು ಮಾತ್ರ ತೆರೆದಿರುತ್ತದೆ. ಜೊತೆಗೆ ಬಂದ ದೊಡ್ಡವರು ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಇದನ್ನು ಶುರು ಮಾಡಿದವರು ಯಾರು ಎಂಬುದು ತಂಡದ ಹಿರಿಯ ಮಾರ್ಗದರ್ಶಿ ನೊಯ್ಲೀನ್ ಹ್ಯಾಡ್ರಿಕ್‌ಗೂ ಗೊತ್ತಿಲ್ಲ. ಆಕೆ ಬಂದಾಗಲೇ ಪದ್ಧತಿ ಇತ್ತು. ಅಂದಿನಿಂದ ಈಚೆಗೆ ಐದಾರು ಸಲ ತಂಡ ಅರ್ಧಕ್ಕೆ ಇಳಿದು ಬಂದಿದೆ. ಇಳಿಯುವಾಗ ಯಾರೋ ಗೊಣಗಿದ್ದಾರೆ. ಮುಂದಿನ ವಾರಕ್ಕೆ ಮರೆತಿದ್ದಾರೆ.

ಈ ಸಲ ಮರೆಯುವ ಸ್ಥಿತಿಯಲ್ಲಿ ಪಿಯಾ ಇರಲಿಲ್ಲ. ಅವಳಿಗೆ ಸೆಪ್ಟೆಂಬರಿನಲ್ಲಿ ಹದಿನೆಂಟು ತುಂಬುತ್ತಿತ್ತು. ಸ್ಕೌಟಿನ ದೊಡ್ಡ ಪದಕ ಬೇಕಾದರೆ ಅಷ್ಟರೊಳಗೆ ಎಲ್ಲ ಪರೀಕ್ಷೆ ಮುಗಿದಿರಬೇಕು. ಅವಳದು ಒಂದೇ ಬಾಕಿ: ತಾನೇ ಯೋಜಿಸಿ, ತಾನೇ ಮುಂದೆ ನಿಂತು, ತಂಡವನ್ನು ಹಿಮದಲ್ಲಿ ಒಂದು ರಾತ್ರಿ ಡೇರೆಯಲ್ಲಿ ಮಲಗಿಸಿ ಕರೆತರುವುದು. ಹಿಂದಿನ ವರ್ಷ ಬಿರುಗಾಳಿಗೆ ರಸ್ತೆ ಮುಚ್ಚಿತ್ತು. ಈ ಜುಲೈನಲ್ಲಿ, ಇಲ್ಲಿನ ನಡುಚಳಿಗಾಲದಲ್ಲೇ, ಹಿಮದ ಬದಲು ಮಳೆ ಸುರಿದು ಬಯಲೆಲ್ಲ ಕೆಸರಾಗಿತ್ತು. ಆಗಸ್ಟಿನಲ್ಲಿ ಉಳಿದ ವಾರಾಂತ್ಯಗಳಲ್ಲಿ ಅರ್ಧ ತಂಡಕ್ಕೆ ಫುಟ್‌ಬಾಲ್ ಪಂದ್ಯ. ಇದ್ದದ್ದು ಈ ಶನಿವಾರ ಒಂದೇ.

ಡಾರ್ಸಿ ಯಾಕೆ ಕೈ ಎತ್ತಿದ ಎಂಬುದೂ ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ತೊರೆ ದಾಟುವಾಗ ಹಿಮದ ಹೊದಿಕೆ ಕುಸಿದು ಅವನ ಬಲಗಾಲು ಮೊಣಕಾಲವರೆಗೆ ನೀರಿಗೆ ಇಳಿದಿತ್ತು. ಮುಂದೆ ನಡೆದು ದಾರಿ ಮಾಡುವವನು ಯಾವಾಗಲೂ ಅವನೇ. ಆರಡಿ ಆಳು, ಕಣಿವೆಯ ಹದಿನೆಂಟರೊಳಗಿನವರ ಫುಟ್‌ಬಾಲ್ ತಂಡದ ನಡುಗಂಬ. ಎಲ್ಲರೂ ಸೇರಿ ಎಳೆದು ತೆಗೆದಿದ್ದರು.

"ಆನೆ ಹೊಂಡಕ್ಕೆ ಬಿತ್ತು, ಫೋಟೊ ತೆಗೀರೋ," ಎಂದಿದ್ದಳು ಮಾರ್ನಿ ಟೇಟ್. ಅವಳಿಗೆ ಯಾವುದನ್ನೂ ಹಾಗೇ ಬಿಡುವ ಅಭ್ಯಾಸವಿಲ್ಲ.

ಡಾರ್ಸಿ ಚೀಲದ ಮೇಲೆ ಕೂತು ಸಾಕ್ಸ್ ಬದಲಾಯಿಸಿ, ಅದರ ಮೇಲೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ಎಳೆದುಕೊಂಡು, ಒದ್ದೆ ಬೂಟಿಗೇ ಕಾಲು ತೂರಿಸಿದ್ದ.

"ಸರಿ ಇದ್ಯೇನೋ?" ಎಂದು ಪಿಯಾ ಕೇಳಿದ್ದಳು.

"ಬ್ರೆಡ್ ಕವರ್ ಹಾಕ್ಕೊಂಡಿದೀನಲ್ಲ. ಇನ್ನು ಕಾಲಿಗೆ ಬೆಣ್ಣೆ ಹಚ್ಚೋದೊಂದು ಬಾಕಿ."

ಅದಾದ ಮೇಲೆ ಎರಡು ಗಂಟೆ ಅವನು ಕಾಲಿನ ಮಾತು ಆಡಿರಲಿಲ್ಲ. ಗುಡಿಸಲಿನ ಮುಂದೆ ಕೈ ಎತ್ತಿದ್ದ. ಕಣ್ಣು ತೆರೆದು "ಯಾರೂ ಎತ್ತಿಲ್ಲ" ಎಂಬುದನ್ನು ಕೇಳಿಸಿಕೊಂಡು, ಬೆಲ್ಟು ಬಿಗಿದು ಚೀಲ ಹೊತ್ತಿದ್ದ.

ಗುಡಿಸಲಿನಿಂದ ಡೇರೆ ಹಾಕುವ ಜಾಗಕ್ಕೆ ಎರಡು ಗಂಟೆಯ ನಡಿಗೆ. ದಾರಿಗಂಬಗಳ ಸಾಲು ಬಯಲಿನ ಉದ್ದಕ್ಕೂ ಹೋಗಿ ಏರಿನ ಹಿಂದೆ ಮರೆಯಾಗುತ್ತದೆ. ವಾಯುವ್ಯದಿಂದ ಗಾಳಿ ಬೀಸುತ್ತಿತ್ತು. ಜೋರಾಗಿರಲಿಲ್ಲ. ಸ್ನೋ ಶೂಗಳ ಕೆಳಗೆ ಹಿಮದ ಮೇಲ್ಪದರ ಹಪ್ಪಳದಂತೆ ಮುರಿಯುತ್ತಿತ್ತು. ಪಿಯಾ ಮುಂದೆ ನಡೆದಳು. ಅವಳ ಹಿಂದೆ ಮಾರ್ನಿ, ಮಾತು ಕಡಿಮೆಯ ಅವಳಿಗಳಾದ ಎಲ್ಸಿ ಮತ್ತು ಹ್ಯೂ, ಆಮೇಲೆ ರೂಬೆನ್ ಕಟ್ಸಾರೊಸ್. ಕೊನೆಯಲ್ಲಿ ಡಾರ್ಸಿ. ಅವರಿಗಿಂತ ಒಂದು ಕೂಗಿನಷ್ಟು ಹಿಂದೆ ನೊಯ್ಲೀನ್ ಮತ್ತು ಅವರ ತಮ್ಮ ಕಾಲಿನ್. ಜೀವಕ್ಕೆ ಅಪಾಯ ಎಂದು ಕಾಣದ ಹೊರತು ದೊಡ್ಡವರು ಹತ್ತಿರ ಬರುವುದಿಲ್ಲ, ಬಾಯಿ ಹಾಕುವುದೂ ಇಲ್ಲ.

ರೂಬೆನ್ ಈ ವರ್ಷ ತಂಡಕ್ಕೆ ಸೇರಿದವನು. ಅಪ್ಪನ ಮೀನು-ಚಿಪ್ಸ್ ಅಂಗಡಿಯ ಬಿಸಿಯಲ್ಲಿ ಬೆಳೆದ ಹುಡುಗ. ಬೆಳಿಗ್ಗೆಯಿಂದ ಅವನ ಬಾಯಿ ಮುಚ್ಚಿರಲಿಲ್ಲ.

"ಇದೆಲ್ಲಾ ಬೇಕು ಅಂತ ನಾನೇ ಹೇಳಿದ್ನಾ? ಮನೇಲಿ ಎಣ್ಣೆ ಬಾಣಲೆ ಮುಂದೆ ಬೆಚ್ಚಗೆ ನಿಂತಿದ್ದೆ."

"ಸುಮ್ನೆ ನಡಿಯೋ. ನಿನ್ನ ಹಲ್ಲು ಕಟಕಟ ಅನ್ನೋದಕ್ಕೆ ಇಡೀ ಬಯಲಿನ ಮೊಲ ಎದ್ದಿದಾವೆ," ಎಂದಳು ಮಾರ್ನಿ.

"ಹಲ್ಲಲ್ಲ ಕಣೇ ಅದು, ಮೊಣಕಾಲು."

ಪಿಯಾ ಆಗಾಗ ತಿರುಗಿ ನೋಡಿದಳು. ಡಾರ್ಸಿ ನಡೆಯುತ್ತಿದ್ದ. ಕೊನೆಯಲ್ಲಿದ್ದ, ಆದರೆ ಹಿಂದೆ ಬಿದ್ದಿರಲಿಲ್ಲ. ಅವನು ಟೋಪಿ ಸರಿಮಾಡಿಕೊಳ್ಳಲು ಕೈ ಎತ್ತಿರಬಹುದು ಎಂದು ಒಮ್ಮೆ ಅಂದುಕೊಂಡಳು. ಹಾಗಲ್ಲ ಎಂದು ಅವಳಿಗೆ ಗೊತ್ತಿತ್ತು, ಆ ಯೋಚನೆಯನ್ನು ಅಲ್ಲಿಗೇ ಬಿಟ್ಟಳು. ನಿಜವಾಗಿ ಕಷ್ಟವಾಗಿದ್ದರೆ ಬಾಯಿಬಿಟ್ಟು ಹೇಳುತ್ತಿದ್ದ ಎಂಬ ಇನ್ನೊಂದು ಯೋಚನೆ ಸ್ವಲ್ಪ ಹೊತ್ತು ಉಳಿಯಿತು. ಬಾಯಿಬಿಟ್ಟು ಹೇಳಲಾಗದವರಿಗಾಗಿಯೇ ಕೈ ಎತ್ತುವ ಪದ್ಧತಿ ಇರುವುದು ಎಂದು ಹೊಸಬರಿಗೆ ತಾನೇ ಹೇಳಿಕೊಟ್ಟದ್ದು ನೆನಪಾದಾಗ ಅದೂ ಹೋಯಿತು. ಫೆಬ್ರವರಿಯಲ್ಲಿ ಸ್ಕೌಟ್ ಹಾಲಿನಲ್ಲಿ ರೂಬೆನ್‌ನನ್ನು ಎದುರಿಗೆ ಕೂರಿಸಿಕೊಂಡು ಹೇಳಿಕೊಟ್ಟಿದ್ದಳು. ಈಗಲೂ ನಡಿಗೆ ನಿಲ್ಲಿಸಿ ನಿಜ ಹೇಳಬಹುದಿತ್ತು. ಪ್ರತಿ ಕಂಬದ ಹತ್ತಿರವೂ ಮುಂದಿನದರ ಹತ್ತಿರ ನೋಡೋಣ ಎನ್ನಿಸಿತು.

ಮೂರೂವರೆಗೆ ಜಾಗ ತಲುಪಿದರು. ಗುಡ್ಡದ ಮಗ್ಗುಲಲ್ಲಿ ಗಾಳಿಗೆ ಬಾಗಿ ಬೆಳೆದ ನೀಲಗಿರಿ ಮರಗಳು. ಹಿಮ ಕೂತ ಕೊಂಬೆಗಳು ಮೇಲೆ ಬೀಳದಷ್ಟು ದೂರದಲ್ಲಿ ಸಮತಟ್ಟು ನೆಲ. ಪಿಯಾ ಎರಡು ತಿಂಗಳ ಹಿಂದೆ ನಕ್ಷೆಯಲ್ಲಿ ಗುರುತು ಹಾಕಿದ್ದ ಜಾಗವೇ. ಬಿಸಿಲು ಇನ್ನೂ ಇತ್ತು. ಹ್ಯೂ ಸಲಿಕೆ ಬಿಚ್ಚಿದ.

"ತಡಿ," ಎಂದಳು ಪಿಯಾ. "ಮೊದಲು ಕಣ್ಣು ಮುಚ್ಚಿ."

ಎಲ್ಲರೂ ಸುತ್ತುಗಟ್ಟಿದರು. ದೂರದಲ್ಲಿ ನೊಯ್ಲೀನ್ ಮತ್ತು ಕಾಲಿನ್ ಬೆನ್ನು ತಿರುಗಿಸಿದರು. ಐದು ಮುಖಗಳು, ಐದೂ ಕೆಂಪು. ರೂಬೆನ್ ಕಣ್ಣು ಮುಚ್ಚಿಯೂ ಮೂಗು ಸೊರಗುಟ್ಟಿಸುತ್ತಿದ್ದ. ಡಾರ್ಸಿ ಎರಡೂ ಕೈಗಳನ್ನು ಚೀಲದ ಪಟ್ಟಿಯೊಳಗೆ ತೂರಿಸಿ ನಿಂತಿದ್ದ. ಭಾರವೆಲ್ಲ ಎಡಗಾಲಿನ ಮೇಲಿತ್ತು. ಬಲಗಾಲನ್ನು ಬೇರೆ ಯಾರದೋ ಸಾಮಾನಿನಂತೆ ಪಕ್ಕದಲ್ಲಿ ಇಟ್ಟುಕೊಂಡಿದ್ದ.

ಯಾರೂ ಕೈ ಎತ್ತಲಿಲ್ಲ.

ಪಿಯಾ ಕಾದಳು. ಡಾರ್ಸಿಯ ಕೈಗಳನ್ನೇ ನೋಡಿದಳು. ಅವು ಅಲುಗಲಿಲ್ಲ. ಒಮ್ಮೆ ಎತ್ತಿ, ಯಾರೂ ಎತ್ತಿಲ್ಲ ಎಂಬ ಉತ್ತರ ಪಡೆದವನು ಮತ್ತೆ ಎತ್ತುವುದು ಯಾರನ್ನು ನಂಬಿ?

"ನಿಂತಲ್ಲೇ ನಿದ್ದೆ ಹೋದ್ಯೇನೇ ಪಿಯಾ?" ಎಂದಳು ಮಾರ್ನಿ, ಕಣ್ಣು ಮುಚ್ಚಿಕೊಂಡೇ.

"ಒಂದು ಕೈ ಎದ್ದಿದೆ," ಎಂದಳು ಪಿಯಾ. "ಗುಡಿಸಲಿಗೆ ವಾಪಸ್."

ಎಲ್ಲರೂ ಕಣ್ಣು ಬಿಟ್ಟರು. ಹ್ಯೂ ಸಲಿಕೆಯನ್ನು ನೋಡಿದ. ಎಲ್ಸಿ ಪಿಯಾಳನ್ನು ನೋಡಿದಳು. ಈ ನಡಿಗೆ ಪಿಯಾಗೆ ಏನು ಎಂಬುದು ರೂಬೆನ್‌ಗೂ ಗೊತ್ತಿತ್ತು.

"ತಮಾಷೆ ಮಾಡ್ತಿದೀಯಾ?" ಎಂದಳು ಮಾರ್ನಿ. "ಇಲ್ಲಿಗೆ ಬಂದಾದ್ಮೇಲೆ? ಬಿಸಿಲಿದೆ, ಜಾಗ ಇದೆ, ಎಲ್ಲಾ ಇದೆ."

"ನಿಯಮ ನಿಯಮವೇ. ಬೆಳಕಿರುವಾಗಲೇ ಹೊರಟ್ರೆ ಆರಕ್ಕೆ ಗುಡಿಸಲು. ಒಲೆ ಇದೆ ಅಲ್ಲಿ."

ಮಾರ್ನಿ ರೂಬೆನ್ ಕಡೆ ತಿರುಗಿದಳು. ಉಳಿದವರೂ ತಿರುಗಿದರು. ಡಾರ್ಸಿ ತಿರುಗಲಿಲ್ಲ. ಅವನು ಪಿಯಾಳನ್ನು ನೋಡುತ್ತಿದ್ದ.

"ನನ್ನನ್ಯಾಕೆ ನೋಡ್ತೀರಾ?" ಎಂದ ರೂಬೆನ್.

"ಯಾರೂ ಏನೂ ಕೇಳಿಲ್ಲಪ್ಪಾ. ಕೇಳೋ ಹಾಗಿಲ್ಲ. ಎಣ್ಣೆ ಬಾಣಲೆ ನೆನಪಾಯ್ತೇನೋ ಯಾರಿಗೋ, ಅಷ್ಟೇ."

"ಮಾರ್ನಿ, ಸಾಕು," ಎಂದಳು ಪಿಯಾ.

ದೊಡ್ಡವರಿಗೆ ಹೇಳಲು ಅವಳೇ ಹೋದಳು. ನೊಯ್ಲೀನ್ ಒಂದು ಪ್ರಶ್ನೆ ಕೇಳಿದರು: "ಟಾರ್ಚು ಎಲ್ಲರ ಹತ್ರ ಇದ್ಯಾ?" ಇದೆ ಎಂದಳು. ಕಾಲಿನ್ ಆಗಷ್ಟೇ ಬಿಚ್ಚಿದ್ದ ಚಾಕೊಲೇಟ್ ಬಿಸ್ಕತ್ತಿನ ಪೊಟ್ಟಣವನ್ನು ಮತ್ತೆ ಮಡಿಸಿ ಜೇಬಿಗೆ ಹಾಕಿದರು. ತಂಡ ಬಂದ ಹೆಜ್ಜೆಯ ಗುರುತುಗಳಲ್ಲೇ ತಿರುಗಿ ನಡೆಯಿತು. ಪಿಯಾ ಈ ಸಲ ಹ್ಯೂನನ್ನು ಮುಂದೆ ಬಿಟ್ಟು ಕೊನೆಗೆ ಬಂದಳು. ಡಾರ್ಸಿಯ ಚೀಲದಿಂದ ಡೇರೆಯ ಗಂಟನ್ನು ಕೇಳದೆ ಎಳೆದು ತನ್ನ ಚೀಲದ ಮೇಲೆ ಕಟ್ಟಿಕೊಂಡಳು. ಅವನು ಬೇಡ ಎನ್ನಲಿಲ್ಲ. ಅವನು ಬೇಡ ಎನ್ನದಿದ್ದುದನ್ನು ಅವಳು ಅದೇ ಮೊದಲು ನೋಡಿದ್ದು.

ಮೊದಲ ಏರು ಇಳಿದ ಮೇಲೆ ಅವನು ಮಾತಾಡಿದ.

"ನಾನು ಎತ್ತಲಿಲ್ಲ."

"ಗೊತ್ತು."

"ಮತ್ತೆ ಯಾರು?"

"ಯಾರೂ ಇಲ್ಲ."

ಅವನು ಹತ್ತು ಹೆಜ್ಜೆ ನಡೆದ. ಬಲಗಾಲನ್ನು ಪ್ರತಿ ಸಲವೂ ಕಣ್ಣಿನಿಂದ ನೋಡಿ ಇಡುತ್ತಿದ್ದ.

"ಗುಡಿಸಲಿನ ಹತ್ರ," ಎಂದ. "ನಾನು ಸರಿಯಾಗಿ ಎತ್ತಲಿಲ್ಲ, ನಿಂಗೆ ಕಾಣಿಸ್ಲಿಲ್ಲ ಅಂತ ಅಂದ್ಕೊಂಡಿದ್ದೆ."

ಹೌದು, ಕಾಣಿಸಲಿಲ್ಲ ಎಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವನೇ ಆ ದಾರಿ ತೆರೆದಿಟ್ಟಿದ್ದ.

"ಕಾಣಿಸ್ತು," ಎಂದಳು ಪಿಯಾ.

ಗುಡಿಸಲು ಬರುವವರೆಗೆ ಅವನು ಅವಳಿಗಿಂತ ಎರಡು ಹೆಜ್ಜೆ ಮುಂದೆಯೇ ನಡೆದ. ಕತ್ತಲಾಗಿತ್ತು. ಮುಂದೆ ಮಾರ್ನಿ ಇನ್ನೂ ರೂಬೆನ್‌ನನ್ನು ಕೆಣಕುತ್ತಿದ್ದಳು. ರೂಬೆನ್ ಬೆಳಿಗ್ಗೆಯಿಂದ ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡು ನಡೆಯುತ್ತಿದ್ದ.

ಡನ್‌ಸ್ಟನ್ ಗುಡಿಸಲು ಹಿಂದೆ ದನ ಮೇಯಿಸುವವರು ಕಟ್ಟಿದ್ದು. ಒಂದೇ ಕೋಣೆ, ತಗಡಿನ ಗೋಡೆ, ಕಬ್ಬಿಣದ ಒಲೆ. ಕಾಲಿನ್ ಬೆಂಕಿ ಹೊತ್ತಿಸಿದರು. ನೊಯ್ಲೀನ್ ಡಾರ್ಸಿಯನ್ನು ಬೆಂಚಿನ ಮೇಲೆ ಕೂರಿಸಿ ಬೂಟು ಬಿಚ್ಚಿದರು. ಅವನು ಕುಂಟುವುದನ್ನು ಹಿಂದಿನಿಂದ ಟಾರ್ಚಿನ ಬೆಳಕಿನಲ್ಲಿ ನೋಡಿದ್ದರು. ಬ್ರೆಡ್ಡಿನ ಚೀಲ ಹಿಮ್ಮಡಿಯಲ್ಲಿ ಹರಿದಿತ್ತು. ಒಳಗಿನ ಸಾಕ್ಸ್ ಹಿಂಡಿದರೆ ನೀರು ಬರುವಷ್ಟು ಒದ್ದೆ. ಮೂರು ಬೆರಳುಗಳು ಮೇಣದ ಬಣ್ಣಕ್ಕೆ ತಿರುಗಿದ್ದವು. ನೊಯ್ಲೀನ್ ಉಗುರಿನಿಂದ ಒತ್ತಿದರು.

"ಗೊತ್ತಾಗುತ್ತಾ?"

"ಇಲ್ಲ."

"ಬೆಂಕಿ ಹತ್ರ ಇಡ್ಬೇಡ. ಉಜ್ಜಲೂ ಬೇಡ. ಕಾಲಿನ್, ಶರ್ಟ್ ಎತ್ತೋ, ಹೊಟ್ಟೆಗೆ ಒತ್ತಿ ಬೆಚ್ಚಗೆ ಮಾಡ್ಬೇಕು."

"ನನ್ನದಾಗುತ್ತೆ," ಎಂದಳು ಪಿಯಾ.

ಡಾರ್ಸಿ ಅವಳನ್ನು ನೋಡದೆ, "ಕಾಲಿನ್ ಅವರದೇ ಇರಲಿ," ಎಂದ.

ಕಾಲಿನ್ ಎದುರಿಗೆ ಕೂತು ಅಂಗಿ ಎತ್ತಿ ಆ ಪಾದವನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡರು. ಉಸಿರು ಒಳಗೆ ಎಳೆದರು. "ಇದು ಕಾಲೋ, ಅಂಗಡಿಯ ಫ್ರೀಜರಿನಿಂದ ತಂದ ಕುರಿ ತೊಡೆಯೋ? ನನ್ನ ಹೆಂಡತಿ ಕಾಲನ್ನೂ ಇಷ್ಟು ಹತ್ರ ಬಿಟ್ಕೊಂಡಿಲ್ಲ ಕಣೋ ನಾನು." ಎಲ್ಸಿ ನಕ್ಕಳು. ಬೇರೆ ಯಾರೂ ನಗಲಿಲ್ಲ.

"ಯಾವಾಗಿನಿಂದ ಗೊತ್ತಾಗ್ತಿಲ್ಲ?" ಎಂದು ನೊಯ್ಲೀನ್ ಕೇಳಿದರು.

"ಮಧ್ಯಾಹ್ನದಿಂದ."

"ಇಲ್ಲಿಗೆ ಬಂದಾಗ್ಲೂ?"

"ಹೂಂ."

"ಮತ್ತೆ ಆಗಲೇ ಯಾಕೆ ಕೈ..." ಎಂದವರು ನಿಲ್ಲಿಸಿದರು. ಅದನ್ನು ಕೇಳುವಂತಿಲ್ಲ. ಡಾರ್ಸಿ ಒಲೆಯ ಬಾಗಿಲನ್ನು ನೋಡುತ್ತ ಕೂತ. ಅವನು ಹೇಳುವುದಿಲ್ಲ ಎಂಬುದು ಪಿಯಾಗೆ ಸ್ಪಷ್ಟವಾಯಿತು. ಇವತ್ತೂ ಹೇಳುವುದಿಲ್ಲ, ಮುಂದೆಯೂ ಹೇಳುವುದಿಲ್ಲ.

"ಎತ್ತಿದ್ದ," ಎಂದಳು. "ನಾನು ನೋಡಿದೆ. ನೋಡಿ ಇಲ್ಲ ಅಂದೆ."

ಒಲೆಯಲ್ಲಿ ಕಟ್ಟಿಗೆ ಸಿಡಿಯಿತು. ಮಾರ್ನಿ ರೂಬೆನ್ ಕಡೆ ನೋಡಿದಳು.

"ಅಂದ್ರೆ ಆಮೇಲೆ ಅಲ್ಲಿ ಎತ್ತಿದ್ದೂ ಇವನೇನಾ?" ಎಂದ ರೂಬೆನ್.

"ಅಲ್ಲಿ ಯಾರೂ ಎತ್ತಿಲ್ಲ."

ರೂಬೆನ್ ಇದನ್ನು ಮನಸ್ಸಿನಲ್ಲಿ ಕೂಡಿ ಕಳೆದು ನೋಡಿದ. "ಹಾಗಾದ್ರೆ ಇದ್ದ ಕೈನ ಇಲ್ಲ ಅಂದೆ, ಇಲ್ಲದ ಕೈನ ಇದೆ ಅಂದೆ. ಆಮೇಲೆ ಎರಡು ಗಂಟೆ ಬೈಸ್ಕೊಂಡೋನು ನಾನು. ಚೆನ್ನಾಗಿದೆ ಗುರು."

"ಸಾರಿ ಕಣೋ," ಎಂದಳು ಮಾರ್ನಿ.

"ನಿನ್ನ ಸಾರಿ ಬೇಡ. ನಿನ್ನ ಸಾಸೇಜ್ ಕೊಡು."

ಮಾರ್ನಿ ತನ್ನ ಪಾಲಿನದನ್ನು ಕೊಟ್ಟಳು. ನೊಯ್ಲೀನ್ ಹಿಮ ಕರಗಿಸಲು ಪಿಯಾಗೆ ಪಾತ್ರೆ ಕೊಟ್ಟರು. ಪಿಯಾ ಹೊರಗೆ ಹೋಗಿ ತುಂಬಿಸಿ ತಂದಳು. ಅದು ಕರಗಿ ಪಾತ್ರೆಯ ತಳದಲ್ಲಿ ಒಂದಿಷ್ಟು ನೀರಾಗುವ ಹೊತ್ತಿಗೆ ಡಾರ್ಸಿಯ ಬೆರಳುಗಳಿಗೆ ರಕ್ತ ಹರಿಯತೊಡಗಿತು. ಅವನು ಟೋಪಿಯನ್ನು ಬಾಯಿಗೆ ತುರುಕಿಕೊಂಡು ಕೂಗಿದ. ಹ್ಯೂ ಅವನ ಹೆಗಲು ಹಿಡಿದುಕೊಂಡ. ಸುಮಾರು ಕಾಲು ಗಂಟೆ ಹಾಗೆ ನಡೆಯಿತು. ಕಾಲಿನ್ ಪಾದ ಬಿಡಲಿಲ್ಲ.

ಊಟವಾದ ಮೇಲೆ ಕಾಲಿನ್ ಅಂಗಿ ಸರಿಮಾಡಿಕೊಳ್ಳುತ್ತ ಹೇಳಿದರು: "ನೋಡು ಪಿಯಾ, ಗುಡಿಸಲಿನ ಹೊರಗೂ ಇರೋದು ಹಿಮವೇ. ಡಾರ್ಸಿ ಒಳಗಿರ್ಲಿ. ಉಳಿದವರು ಇಲ್ಲೇ ಬಾಗಿಲ ಮುಂದೆ ಡೇರೆ ಹಾಕಿ ಮಲಗಿದ್ರೆ ರಾತ್ರಿ ಲೆಕ್ಕಕ್ಕೆ ಬರುತ್ತೆ ಅಂತ ನನಗನ್ನಿಸುತ್ತೆ. ಅಲ್ವಾ ನೊಯ್ಲೀನ್?"

"ಬರಬಹುದು," ಎಂದರು ನೊಯ್ಲೀನ್. "ನಾಯಕಿ ಅವಳು. ಅವಳ ತೀರ್ಮಾನ."

ಎಲ್ಸಿ ಎದ್ದು ಜಾಕೆಟ್ ತೊಡಲು ಶುರುಮಾಡಿದ್ದಳು. ಹ್ಯೂ ಸಲಿಕೆ ಹುಡುಕುತ್ತಿದ್ದ. ಅವರು ತನಗಾಗಿ ಹೊರಡುತ್ತಿದ್ದಾರೆ ಎಂಬುದು ಪಿಯಾಗೆ ಕಂಡಿತು. ಡಾರ್ಸಿ ಮಲಗುಚೀಲದೊಳಗಿಂದ ನೋಡುತ್ತಿದ್ದ. ಮುಖದಲ್ಲಿ ಸಿಟ್ಟು ಇರಲಿಲ್ಲ. ಬೇರೇನೂ ಇರಲಿಲ್ಲ.

"ಬೇಡ," ಎಂದಳು. "ಎಲ್ಲರೂ ಒಳಗೇ ಮಲಗಿ."

ಬೆಳಿಗ್ಗೆ ಕಾಲಿನ್ ಮತ್ತು ಹ್ಯೂ ಡಾರ್ಸಿಯನ್ನು ಗುಡಿಸಲಿನಲ್ಲಿದ್ದ ಪ್ಲಾಸ್ಟಿಕ್ ಜಾರುಬಂಡಿಯ ಮೇಲೆ ಕೂರಿಸಿ ಕಾರಿನವರೆಗೆ ಎಳೆದರು. ಕಣಿವೆಯ ಆಸ್ಪತ್ರೆಯಲ್ಲಿ ವೈದ್ಯೆ ಬೆರಳುಗಳು ಉಳಿಯುತ್ತವೆ ಎಂದರು. ಚರ್ಮ ಸುಲಿಯಿತು, ಎರಡು ಉಗುರು ಹೋದವು. ಅವನಿಲ್ಲದೆ ಆಡಿದ ಕಣಿವೆಯ ತಂಡ ಸೆಮಿಫೈನಲ್‌ನಲ್ಲಿ ಸೋತಿತು. ಪಂದ್ಯಕ್ಕೆ ಪಿಯಾಳೂ ಹೋಗಿದ್ದಳು. ಮೈದಾನದ ಆಚೆ ಬದಿಯ ಬೇಲಿಯ ಹತ್ತಿರ ನಿಂತು ನೋಡಿ, ಮುಗಿಯುವ ಮೊದಲೇ ಹೊರಟಳು.

ನಡುವೆ ಬಂದ ಮಂಗಳವಾರದ ಸಭೆಯಲ್ಲಿ ಅವಳು ನಾಯಕಿಯ ಸ್ಥಾನ ಬಿಟ್ಟಿದ್ದಳು. ಬಿಡು ಎಂದು ಯಾರೂ ಹೇಳಲಿಲ್ಲ. ಬಿಡಬೇಡ ಎಂದೂ ಯಾರೂ ಹೇಳಲಿಲ್ಲ. ಕೈ ಎತ್ತುವ ಪದ್ಧತಿಯನ್ನೇ ಕೈಬಿಡೋಣ, ಎಲ್ಲರೂ ಕಣ್ಣು ತೆರೆದೇ ಮಾತಾಡಿ ತೀರ್ಮಾನಿಸೋಣ ಎಂದಳು ಮಾರ್ನಿ.

"ನೀನಿರೋ ಕಡೆ ಯಾರು ಕಣೇ ಮಾತಾಡ್ತಾರೆ?" ಎಂದ ರೂಬೆನ್. ಕಣ್ಣು ಮುಚ್ಚುವುದು ಇರಲಿ, ಆದರೆ ತೆರೆದಿರುವವರು ಇಬ್ಬರಾಗಲಿ, ಎರಡನೆಯವರನ್ನು ಅಲ್ಲೇ ಚೀಟಿ ಎತ್ತಿ ಆರಿಸೋಣ ಎಂದು ಅವನು ಸೂಚಿಸಿದ. ಡಾರ್ಸಿ ಊರುಗೋಲು ಪಕ್ಕಕ್ಕಿಟ್ಟು ಮೊದಲು ಕೈ ಎತ್ತಿದ. ಸೂಚನೆ ಒಪ್ಪಿಗೆಯಾಯಿತು.

ಮುಂದಿನ ವರ್ಷದ ಆಗಸ್ಟಿನಲ್ಲಿ ರೂಬೆನ್ ನಾಯಕನಾಗಿ ತಂಡ ಮತ್ತೆ ಮೇಲಕ್ಕೆ ಹೋಯಿತು. ಆಕಾಶ ತಿಳಿಯಾಗಿತ್ತು, ಹಿಮ ಗಟ್ಟಿಯಾಗಿತ್ತು. ಕಾರು ಬಿಟ್ಟ ಜಾಗದಲ್ಲೇ ಒಂದು ಕೈ ಎದ್ದಿತು, ಕಣ್ಣು ತೆರೆದಿದ್ದ ಇಬ್ಬರೂ ನೋಡಿದರು. ಎಲ್ಲರೂ ಕಾರು ಹತ್ತಿ ಕೆಳಗಿಳಿದು, ಬೇಕರಿಯಲ್ಲಿ ಬಿಸಿ ಪೈ ತಿಂದು, ಮನೆಗೆ ಹೋದರು.